ತೆಗೆದಿಟ್ಟ ಎದೆಹಾಲು ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ಶಿಶು ಜನಿಸಿದ 1 ಗಂಟೆಯೊಳಗೆ ಎದೆಹಾಲು ಉಣಿಸಬೇಕು, 6 ತಿಂಗಳು ತುಂಬುವವರೆಗೆ ಬೇರೇನನ್ನೂ ಕೊಡಬಾರದು ಎಂಬುದು ಬಹುತೇಕ ಎಲ್ಲರಿಗೂ ತಿಳಿದ ವಿಷಯ. ಆದರೆ ತಾಯಿ ಮನೆಯಲ್ಲಿದ್ದು, ಶಿಶು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ವಿಶೇಷ ಆರೈಕೆ ಘಟಕದಲ್ಲಿದ್ದರೆ ಮಾಡಬೇಕಾದುದೇನು? ಇಂದಿನ ವಿಚಾರ ಅದು.

34 ವಾರ ತುಂಬುವ ಮುನ್ನ ಜನಿಸಿದ ಶಿಶುವಿಗೆ ಹೀರುವುದು, ನುಂಗುವುದು, ಉಸಿರಾಡುವುದು ಇವುಗಳನ್ನು ಹೊಂದಿಸಿಕೊಳ್ಳುವ ಶಕ್ತಿ ಸಾಮಾನ್ಯವಾಗಿ ಬಂದಿರುವುದಿಲ್ಲ. ಆದರೆ ತಾಯಿಯ ಹಾಲಿನ ಅಗತ್ಯ ಅಂತಹ ಶಿಶುವಿಗೇ ಹೆಚ್ಚು. ಸೋಂಕಿನ ಅಪಾಯವನ್ನು ಅದು ತಗ್ಗಿಸುತ್ತದೆ. ಆದ್ದರಿಂದ ತಾಯಿಯು ಹಾಲನ್ನು ಕೈಯಿಂದ ಹಿಂಡಿ ತೆಗೆದು ಕೊಡಬೇಕಾಗುತ್ತದೆ.

ಎದೆಹಾಲು ಒರತೆಯ ಬಾವಿಯಂತೆ. ಸೇದಿದಷ್ಟೂ ಊರುತ್ತದೆ, ಸೇದದೆ ಬಿಟ್ಟರೆ ಬತ್ತುತ್ತದೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಆರಂಭಿಸಿ, 2ರಿಂದ 3 ಗಂಟೆಗೊಮ್ಮೆ, ದಿನಕ್ಕೆ ಕನಿಷ್ಠ 8 ಬಾರಿ, ರಾತ್ರಿಯೂ ಬಿಡದೆ ಹಾಲು ತೆಗೆಯಬೇಕು. ಮೊದಲ ದಿನಗಳಲ್ಲಿ ಬರುವುದು ಹಳದಿ ಬಣ್ಣದ ಕೆಲವೇ ಹನಿಗಳು. ಅದನ್ನು ಕಂಡು “ಹಾಲೇ ಬಂದಿಲ್ಲ” ಎನ್ನುವುದಾಗಲಿ, ಕೆಟ್ಟ ಹಾಲೆಂದು ಚೆಲ್ಲುವುದಾಗಲಿ ತರವಲ್ಲ. ರೋಗನಿರೋಧಕ ಶಕ್ತಿ ಅಡಗಿರುವುದು ಆ ಹನಿಗಳಲ್ಲಿಯೇ.

ವಿಧಾನ ಸರಳವಾದುದು. ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಮುಚ್ಚಳವಿರುವ ಸ್ಟೀಲ್ ಅಥವಾ ಗಾಜಿನ ಪಾತ್ರೆಯನ್ನು ತೊಳೆದು, ಕುದಿಯುವ ನೀರಿನಲ್ಲಿಟ್ಟು ಶುಚಿಗೊಳಿಸಬೇಕು. ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇರಿಸಿ, ಮೊದಲು ಎದೆಯ ಕಡೆಗೆ ಒತ್ತಿ, ಬಳಿಕ ಬೆರಳುಗಳನ್ನು ಕೂಡಿಸಿ ಹಿಂಡಬೇಕು. ತೊಟ್ಟನ್ನು ಎಳೆಯಬಾರದು. ನೋವಾದರೆ ದಾದಿಯರಿಂದ ಕ್ರಮವನ್ನು ಮತ್ತೆ ಕೇಳಿ ತಿಳಿಯಬೇಕು.

ತೆಗೆದ ಹಾಲನ್ನು 25 ಡಿಗ್ರಿಗಿಂತ ತಂಪಾದ ಕೋಣೆಯಲ್ಲಿ 4 ಗಂಟೆಯವರೆಗೆ ಇಡಬಹುದು. ಬಿಸಿಲು ಹೆಚ್ಚಿರುವ ಕಾಲದಲ್ಲಿ ಕೂಡಲೇ ತಂಪಿನಲ್ಲಿಡುವುದು ಲೇಸು. ಫ್ರಿಜ್ಜಿನಲ್ಲಿ ಬಾಗಿಲ ಬದಿಗಿಡದೆ ಒಳಭಾಗದಲ್ಲಿಟ್ಟು, ಆಸ್ಪತ್ರೆಯಲ್ಲಿರುವ ಶಿಶುವಿಗಾದರೆ 24 ಗಂಟೆಯೊಳಗೆ ಬಳಸಬೇಕು. ಪಾತ್ರೆಯ ಮೇಲೆ ತಾಯಿಯ ಹೆಸರು, ದಿನಾಂಕ, ವೇಳೆ ಬರೆದಿರಬೇಕು. ಸಾಗಿಸುವಾಗ ಪೋಲಿಯೊ ಹನಿ ಒಯ್ಯುವಂತಹ ಶೀತಪೆಟ್ಟಿಗೆ ಬೇಕು. ಇಟ್ಟ ಹಾಲಿನಲ್ಲಿ ಕೆನೆ ಮೇಲೆ ನಿಂತರೆ ಅದು ಕೆಟ್ಟಿದೆಯೆಂದಲ್ಲ. ಮೆಲ್ಲನೆ ಅಲುಗಿಸಿದರೆ ಬೆರೆಯುತ್ತದೆ. ಒಲೆಯ ಮೇಲೆ ಕಾಯಿಸದೆ, ಪಾತ್ರೆಯನ್ನು ಬೆಚ್ಚನೆಯ ನೀರಿನಲ್ಲಿಟ್ಟು ತಂಪು ಬಿಡಿಸಬೇಕು. ಕುಡಿಸಲು ಬಾಟಲಿ ಬೇಡ, ಶುಚಿಯಾದ ಒಳಲೆ ಅಥವಾ ಚಮಚ ಸಾಕು. ಯಾವಾಗ, ಎಷ್ಟು, ಹೇಗೆ ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ.

ಇದರಲ್ಲಿ ಪಂಚಾಯಿತಿಯ ಪಾಲೇನು? ಬಾಣಂತನಕ್ಕೆ ಹೆಣ್ಣುಮಕ್ಕಳು ತವರಿಗೆ ಬರುವುದು ವಾಡಿಕೆ. ಹೆಸರು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ, ಬಾಣಂತಿ ಇನ್ನೊಂದು ಪಂಚಾಯಿತಿಯಲ್ಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಭೇಟಿ ನೀಡಬೇಕೆಂಬ ನಿಯಮವಿದೆ. ಎರಡು ಊರುಗಳ ನಡುವೆ ಆ ಭೇಟಿ ತಪ್ಪಿಹೋಗದಂತೆ ಮಾಹಿತಿ ಮುಟ್ಟಿಸುವುದು ಸದಸ್ಯರಿಂದ ಸಾಧ್ಯ. ತಾಯಿಯು ಶಿಶುವಿನ ಬಳಿಯೇ ತಂಗಲು ಆಸ್ಪತ್ರೆಯಲ್ಲಿ ಅವಕಾಶವಿದೆಯೇ ಎಂದು ವಿಚಾರಿಸುವುದು, ಇಲ್ಲವಾದರೆ ಹಾಲು ತಲುಪಿಸುವ ವಾಹನಕ್ಕೆ ಏರ್ಪಾಡು ಮಾಡುವುದು, ಹಾಲಿನ ಪುಡಿ ಕೊಳ್ಳುವ ಮೊದಲು ದಾದಿಯರನ್ನು ಕೇಳುವಂತೆ ಮನೆಯವರಿಗೆ ತಿಳಿಹೇಳುವುದು ಸಹ ಸಾಧ್ಯ.

ತಾಯಿಯ ಹಾಲು ಸಿಗದೇ ಹೋದಾಗ ದಾನಿಗಳ ಹಾಲು ಒದಗಿಸುವ ವ್ಯವಸ್ಥೆಯೂ ದೇಶದಲ್ಲಿದೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿಯೇ ಎದೆಹಾಲಿನ ಬ್ಯಾಂಕ್ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ ಅಂತಹ ಬ್ಯಾಂಕ್ ಇದೆ. ಆದರೆ ಮೊದಲ ಪ್ರಯತ್ನ ತಾಯಿಯ ಹಾಲಿಗಾಗಿಯೇ ನಡೆಯಬೇಕು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಿರಿ: ಶಿಶು ಆಸ್ಪತ್ರೆಯಲ್ಲಿರುವ ಬಾಣಂತಿಯರು ನಮ್ಮಲ್ಲಿ ಎಷ್ಟು ಮಂದಿ? ಅವರ ಹಾಲು ಶಿಶುವಿಗೆ ತಲುಪುತ್ತಿದೆಯೇ? ಉತ್ತರ “ಇಲ್ಲ” ಎಂದಾದರೆ ಆ ದಿನವೇ ಕಾರ್ಯಪ್ರವೃತ್ತರಾಗಿರಿ. ಹಾಲು ಬತ್ತಲು ಹೆಚ್ಚು ದಿನ ಬೇಕಾಗುವುದಿಲ್ಲ.