ಮನೆಯ ತೋಟಕ್ಕೆ ರೋಡೊಡೆಂಡ್ರಾನ್

ಇಂಗ್ಲಿಷ್ ಕಾದಂಬರಿಗಳನ್ನು ಓದುವ ಅಭ್ಯಾಸವುಳ್ಳವರಿಗೆ ರೋಡೊಡೆಂಡ್ರಾನ್ ಎಂಬ ಹೆಸರು ಹೊಸದಲ್ಲ. ೧೯೩೮ರಲ್ಲಿ ಪ್ರಕಟವಾದ ಡಾಫ್ನೆ ಡ್ಯು ಮಾರಿಯೆ ಅವರ ‘ರೆಬೆಕ್ಕಾ’ ಎಂಬ ಕಾದಂಬರಿಯಲ್ಲಿ, ಬಂಗಲೆಗೆ ಹೋಗುವ ದಾರಿಯ ಎರಡು ಪಕ್ಕಗಳಲ್ಲಿಯೂ ಈ ಗಿಡ ಗೋಡೆಯಂತೆ ಎದ್ದು, ರಕ್ತವರ್ಣದ ಹೂಗಳನ್ನು ಹೊತ್ತು ನಿಂತಿರುವುದನ್ನು ನೀವು ಓದಿರಬಹುದು. ಹೆಸರು ನಮಗೆ ಪುಸ್ತಕದಿಂದ ಬಂದಿತು. ಆದುದರಿಂದ ಇದು ಇಂಗ್ಲೆಂಡಿನ ಸ್ವಂತ ಹೂವೆಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ನಿಜಸ್ಥಿತಿ ಬೇರೆ. ಅಲ್ಲಿನ ತೋಟಗಳಲ್ಲಿ ಹೆಸರುವಾಸಿಯಾದ ದೊಡ್ಡ ಬಗೆಗಳಲ್ಲಿ ಬಹುಭಾಗ ಹಿಮಾಲಯದಿಂದಲೂ ಚೀನಾ ದೇಶದ ನೈಋತ್ಯ ಪರ್ವತಗಳಿಂದಲೂ ಹೋದವು, ಇಲ್ಲವೆ ಹಾಗೆ ಹೋದವುಗಳ ಸಂತತಿ. ಮೈಸೂರಿನಿಂದ ಮೋಟಾರಿನಲ್ಲಿ ಅರ್ಧ ದಿನದ ಪ್ರಯಾಣವಾದ ನೀಲಗಿರಿಯ ಮೇಲೆ ಇದೇ ಕುಲದ ಒಂದು ಮರ ಯಾರ ಆರೈಕೆಯೂ ಇಲ್ಲದೆ ಬೆಳೆದು ಹೂಬಿಡುತ್ತದೆ. ಇದನ್ನು ಮನೆಯ ತೋಟದಲ್ಲಿ ಬೆಳೆಸಬೇಕೆನ್ನುವವರು ಯಾವ ಬಗೆಯನ್ನು ಆರಿಸಿಕೊಳ್ಳಬೇಕು ಎಂಬುದನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಗ್ರೀಕ್ ಭಾಷೆಯಲ್ಲಿ ‘ರೋಡಾನ್’ ಎಂದರೆ ಗುಲಾಬಿ, ‘ಡೆಂಡ್ರಾನ್’ ಎಂದರೆ ಮರ. ಹೆಸರಿನಲ್ಲಿ ಗುಲಾಬಿ ಇದ್ದರೂ ಗುಲಾಬಿಗೂ ಇದಕ್ಕೂ ನಂಟಿಲ್ಲ. ಸಸ್ಯಶಾಸ್ತ್ರಜ್ಞರು ಈ ಕುಲದಲ್ಲಿ ಸುಮಾರು ೧೦೦೦ ಜಾತಿಗಳನ್ನು ಎಣಿಸುತ್ತಾರೆ. ತೋಟಗಾರರು ಬೆಸೆದು ಪಡೆದ ಸಂಕರಗಳು ಇನ್ನೂ ಹಲವು ಸಾವಿರ. ಕೆಲವೇ ಅಂಗುಲ ಎತ್ತರಕ್ಕೆ ಬೆಳೆದು ಬಂಡೆಯನ್ನು ತಬ್ಬಿಕೊಂಡಿರುವ ಗಿಡವೂ ಇದರಲ್ಲಿದೆ. ಮಾವಿನ ಮರದಂತೆ ಬೆಳೆದು ನಿಲ್ಲುವ ಮರವೂ ಇದರಲ್ಲಿದೆ. ಅಜೇಲಿಯಾ ಎಂದು ಕರೆಯುವ ಗಿಡವೂ ಈ ಕುಲಕ್ಕೇ ಸೇರಿದುದು. ೧೭೫೩ರಲ್ಲಿ ಲಿನೇಯಸ್ ಪಂಡಿತನು ಐದು ಕೇಸರಗಳುಳ್ಳದ್ದನ್ನು ಅಜೇಲಿಯಾ ಎಂದೂ ಹತ್ತು ಕೇಸರಗಳುಳ್ಳದ್ದನ್ನು ರೋಡೊಡೆಂಡ್ರಾನ್ ಎಂದೂ ಬೇರ್ಪಡಿಸಿದನು. ಮುಂದಿನವರು ಈ ಭೇದ ಸಾಲದೆಂದು ಎರಡನ್ನೂ ಒಂದುಗೂಡಿಸಿದರು. ಗಿಡ ಮಾರುವವರ ಪಟ್ಟಿಗಳಲ್ಲಿ ಮಾತ್ರ ಅವು ಇನ್ನೂ ಬೇರೆ ಬೇರೆಯಾಗಿಯೇ ಉಳಿದಿವೆ.

ಇಷ್ಟೊಂದು ಬಗೆಗಳಿರುವಾಗ ಆಯ್ಕೆಯನ್ನು ಎಲ್ಲಿಂದ ಪ್ರಾರಂಭಿಸಬೇಕು? ಸಾಮಾನ್ಯವಾಗಿ ನಾವು ಪ್ರಾರಂಭಿಸುವುದು ಹೂವಿನ ಚಿತ್ರದಿಂದ. ಪಟ್ಟಿಯನ್ನು ತಿರುವಿಹಾಕುತ್ತೇವೆ, ಒಂದು ಬಣ್ಣ ಕಣ್ಣಿಗೆ ಹಿಡಿಸುತ್ತದೆ, ಕೂಡಲೆ ಅದು ನಮ್ಮ ಮನೆಗೆ ಬರಬೇಕು. ಆದರೆ ಮನೆಗೆ ಸೊಸೆಯನ್ನು ತರುವವರು ಮುಖವನ್ನೊಂದೇ ನೋಡಿ ನಿಶ್ಚಯಿಸುವುದುಂಟೆ? ಊರು ಯಾವುದು, ಬೆಳೆದ ಬಗೆ ಯಾವುದು, ನಮ್ಮ ಮನೆಯ ರೀತಿಗೆ ಹೊಂದಿಕೊಂಡಾಳೆ ಎಂದು ವಿಚಾರಿಸುತ್ತಾರೆ. ರೋಡೊಡೆಂಡ್ರಾನಿನ ಹೂ ಇರುವುದು ವರ್ಷದಲ್ಲಿ ಎರಡು ಮೂರು ವಾರ. ಗಿಡವಾದರೋ ನಮ್ಮ ಮಕ್ಕಳ ಕಾಲಕ್ಕೂ ಇರತಕ್ಕದ್ದು. ಆದುದರಿಂದ ಮೊದಲು ಕೇಳತಕ್ಕ ಪ್ರಶ್ನೆ ಬಣ್ಣವನ್ನು ಕುರಿತದ್ದಲ್ಲ, ಹುಟ್ಟೂರನ್ನು ಕುರಿತದ್ದು.

ಹುಟ್ಟೂರಿನ ಮಹತ್ತ್ವವನ್ನು ಯೂರೋಪಿನವರಿಗೆ ಚೆನ್ನಾಗಿ ಕಲಿಸಿಕೊಟ್ಟವನು ಜೋಸೆಫ್ ಡಾಲ್ಟನ್ ಹೂಕರ್. ಈತನು ೧೮೪೮ ಮತ್ತು ೧೮೪೯ರಲ್ಲಿ ಸಿಕ್ಕಿಮಿನ ಕಣಿವೆಗಳನ್ನೂ ಕಣಿವೆಬಾಗಿಲುಗಳನ್ನೂ ಸುತ್ತಿ, ನಡುವೆ ಅಲ್ಲಿನ ಅಧಿಕಾರಿಗಳ ಬಂಧನಕ್ಕೂ ಸಿಕ್ಕಿ, ಅನೇಕ ಜಾತಿಗಳ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಕಳುಹಿಸಿದನು. ಸಿಕ್ಕಿಮಿನ ರೋಡೊಡೆಂಡ್ರಾನುಗಳನ್ನು ಕುರಿತ ಆತನ ಸಚಿತ್ರ ಗ್ರಂಥ ೧೮೪೯ರಿಂದ ೧೮೫೧ರವರೆಗೆ ಭಾಗಭಾಗವಾಗಿ ಪ್ರಕಟವಾಯಿತು. ಬೆಟ್ಟವನ್ನು ಏರುತ್ತ ಹೋದಂತೆ ಒಂದು ಜಾತಿ ಹಿಂದೆ ಉಳಿದು ಇನ್ನೊಂದು ಎದುರಾಗುತ್ತದೆ. ಒಂದೊಂದಕ್ಕೂ ಅದರದೇ ಆದ ಎತ್ತರ, ಅದರದೇ ಆದ ಚಳಿ. ಹಿಮಾಲಯದ ದೊಡ್ಡ ಮರಜಾತಿಯಾದ ರೋಡೊಡೆಂಡ್ರಾನ್ ಆರ್ಬೋರಿಯಮ್ ಎಂಬುದನ್ನೇ ನೋಡಿ. ಉತ್ತರಾಖಂಡದಲ್ಲಿ ಇದನ್ನು ಬುರಾಂಶ್ ಎನ್ನುತ್ತಾರೆ. ಇದರ ಎಸಳುಗಳಿಂದ ಷರಬತ್ತು ಮಾಡುತ್ತಾರೆ. ಇದರ ಕೆಂಪು ಹೂವಿನ ಮರಗಳು ಸಾಮಾನ್ಯವಾಗಿ ತಗ್ಗಿನ ಇಳಿಜಾರುಗಳವು. ನಸುಗೆಂಪು ಮತ್ತು ಬಿಳಿಯ ಹೂವಿನವು ಇನ್ನೂ ಮೇಲಿನವು. ಚಳಿಯನ್ನು ಹೆಚ್ಚಾಗಿ ತಡೆಯಬಲ್ಲವು ಈ ಮೇಲಿನವೇ. ಇಂಗ್ಲೆಂಡಿನ ಚಳಿಯ ಪ್ರಾಂತದಲ್ಲಿ ಬಣ್ಣಕ್ಕೆ ಮರುಳಾಗಿ ಕೆಂಪನ್ನೇ ನೆಟ್ಟವನು ಗಿಡವನ್ನು ಕಳೆದುಕೊಳ್ಳಬಹುದು. ಬಿಳಿಯದನ್ನು ನೆಟ್ಟ ನೆರೆಯವನ ಗಿಡ ಉಳಿಯಬಹುದು. ಎರಡರ ಶಾಸ್ತ್ರೀಯನಾಮವೂ ಒಂದೇ.

ಎರಡನೆಯ ಪ್ರಶ್ನೆ ಮಣ್ಣು. ಈ ಕುಲಕ್ಕೆ ಸುಣ್ಣ ಪರಮಶತ್ರು. ಮಣ್ಣಿನ ಹುಳಿಯನ್ನು ಅಳೆಯುವ ಪಿ.ಎಚ್. ಮಾನದಲ್ಲಿ ೪.೫ರಿಂದ ೬ರವರೆಗಿನ ಮಣ್ಣು ಇದಕ್ಕೆ ಹಿತ. ಸುಣ್ಣ ಹೆಚ್ಚಾದರೆ ಬೇರು ಕಬ್ಬಿಣದ ಅಂಶವನ್ನು ಹೀರಲಾರದು. ಎಲೆ ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿದು, ಗಿಡ ಕ್ರಮೇಣ ಸೊರಗುತ್ತದೆ. ಪರೀಕ್ಷೆಗೆ ಸಲಕರಣೆ ಇಲ್ಲದವರು ಸುತ್ತಮುತ್ತ ನೋಡಿದರೂ ಸಾಕು. ಟೀ ಗಿಡ ಚೆನ್ನಾಗಿ ಬೆಳೆಯುವ ಮಣ್ಣು ಇದಕ್ಕೂ ಆದೀತು. ಹೈಡ್ರಾಂಜಿಯಾ ಹೂ ನೀಲಿಯಾಗಿ ಅರಳಿದರೆ ಮಣ್ಣು ಹುಳಿಯೆಂದು ತಿಳಿಯಬಹುದು. ಎಳೆಗೆಂಪಾಗಿ ಅರಳಿದರೆ ಸಂದೇಹಪಡಬೇಕು. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಗಾರೆಯ ಚೂರು ಬಿದ್ದು ಮಣ್ಣಿನಲ್ಲಿ ಸುಣ್ಣ ಸೇರಿರುತ್ತದೆ. ಅಲ್ಲಿ ನೆಡಲೇ ಕೂಡದು. ಗಡಸು ನೀರಿನ ಬಾವಿಯಿಂದ ದಿನವೂ ನೀರೆರೆದರೆ ನಾವೇ ಸುಣ್ಣವನ್ನು ಉಣಿಸಿದಂತಾಗುವುದು. ಮಳೆಯ ನೀರನ್ನು ಹಿಡಿದಿಟ್ಟು ಎರೆಯುವುದು ಉತ್ತಮ. ಬೇರುಗಳು ಕೂದಲಿನಂತೆ ಸಣ್ಣವು, ನೆಲದ ಮೇಲ್ಪದರದಲ್ಲಿಯೇ ಹರಡಿಕೊಂಡಿರುವುವು. ಹೀಗಿರುವುದರಿಂದ ಆಳವಾಗಿ ನೆಡಬಾರದು, ಬುಡವನ್ನು ಕೆದಕಬಾರದು. ಕೊಳೆತ ಎಲೆಯ ಹೊದಿಕೆಯನ್ನು ಹಾಸಿ ಸುಮ್ಮನೆ ಬಿಡಬೇಕು. ಗುದ್ದಲಿಯನ್ನು ಕೆಳಗಿಡಲಾರದ ಉತ್ಸಾಹಿಗಳಿಗೆ ಇದು ತಕ್ಕ ಗಿಡವಲ್ಲ.

ಮೂರನೆಯದು ಗಾತ್ರ. ಸಸಿಯಾಗಿದ್ದಾಗ ಎಲ್ಲವೂ ಒಂದೇ ಕುಂಡದಲ್ಲಿ ಹಿಡಿಯುತ್ತವೆ. ೧೯೦೧ರಲ್ಲಿ ಸಸೆಕ್ಸ್ ಪ್ರಾಂತದಲ್ಲಿ ಸರ್ ಎಡ್ಮಂಡ್ ಲೋಡರ್ ಎಂಬವರು ಹಿಮಾಲಯದ ಒಂದು ಜಾತಿಯನ್ನೂ ಚೀನಾದ ಒಂದು ಜಾತಿಯನ್ನೂ ಬೆಸೆದು ‘ಲೋಡರೈ’ ಎಂಬ ಸಂಕರಗಳನ್ನು ಪಡೆದರು. ಇವುಗಳ ಹೂ ಅಂಗೈಯನ್ನು ಮೀರಿದ ಅಗಲ. ಪರಿಮಳ ತೋಟವನ್ನೆಲ್ಲ ತುಂಬುವಂಥದು. ಆದರೆ ಗಿಡ ಇಪ್ಪತ್ತು ಅಡಿಯನ್ನು ಮೀರಿ ಬೆಳೆಯುತ್ತದೆ. ಅಷ್ಟೇ ಅಗಲಕ್ಕೂ ಹರಡುತ್ತದೆ. ಇದು ಉದ್ಯಾನವನಕ್ಕೆ ಭೂಷಣ, ಮನೆಯಂಗಳಕ್ಕೆ ಭಾರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುವವರಿಗೆ ಜಪಾನಿನ ಯಾಕುಶಿಮಾ ದ್ವೀಪದ ಜಾತಿಯೊಂದಿದೆ. ಬಿರುಗಾಳಿಗೂ ಬಿಡದ ಮಳೆಗೂ ಸಿಕ್ಕಿದ ಅಲ್ಲಿನ ಬೆಟ್ಟದ ನೆತ್ತಿಯಲ್ಲಿ ಇದು ಕುಳ್ಳಾಗಿ, ಗುಮ್ಮಟದಂತೆ ಒತ್ತಾಗಿ ಬೆಳೆಯುತ್ತದೆ. ೧೯೩೪ರಲ್ಲಿ ಎರಡು ಗಿಡಗಳು ಇಂಗ್ಲೆಂಡಿನ ಎಕ್ಸ್‌ಬರಿ ತೋಟಕ್ಕೆ ಬಂದವು. ೧೯೪೭ರ ಚೆಲ್ಸಿ ಪ್ರದರ್ಶನದಲ್ಲಿ ಅದಕ್ಕೆ ಪ್ರಥಮಶ್ರೇಣಿಯ ಯೋಗ್ಯತಾಪತ್ರ ದೊರೆಯಿತು. ಮೊಗ್ಗು ನಸುಗೆಂಪು, ಅರಳಿದ ಹೂ ಬಿಳುಪು. ಚಿಗುರಿನ ಮೇಲೆ ಬೆಳ್ಳನೆಯ ನವಿರು, ಎಲೆಯ ಅಡಿಯಲ್ಲಿ ಕಂದು ಉಣ್ಣೆ. ಹೂವಿಲ್ಲದ ಹನ್ನೊಂದು ತಿಂಗಳೂ ನೋಡಲು ಚೆನ್ನಾಗಿರುವ ಗಿಡವಿದು. ಇದರ ಸಂಕರಗಳು ಈಗ ಸಣ್ಣ ತೋಟಗಳಿಗೆಂದೇ ಬೇಕಾದಷ್ಟು ಬಂದಿವೆ. ಗಿಡವನ್ನು ನೋಡಿ ಅದರ ಸ್ವಭಾವವನ್ನು ಊಹಿಸಲು ಒಂದು ಸ್ಥೂಲಸೂತ್ರವನ್ನು ಹೇಳಬಹುದು: ಎಲೆ ದೊಡ್ಡದಾದಷ್ಟೂ ಅದಕ್ಕೆ ನೆರಳೂ ತೇವವೂ ಗಾಳಿಯಿಂದ ಮರೆಯೂ ಬೇಕು, ಎಲೆ ಚಿಕ್ಕದಾದಷ್ಟೂ ಬಿಸಿಲನ್ನೂ ಗಾಳಿಯನ್ನೂ ತಡೆದೀತು.

ಹೊಂದದ ಗಿಡ ಸತ್ತರೆ ನಷ್ಟ ಒಬ್ಬನದು. ಅತಿಯಾಗಿ ಹೊಂದಿದ ಗಿಡದಿಂದ ನಾಡಿಗೇ ನಷ್ಟವಾಗುವುದೂ ಉಂಟು. ರೋಡೊಡೆಂಡ್ರಾನ್ ಪಾಂಟಿಕಮ್ ಎಂಬುದು ೧೭೬೩ರಲ್ಲಿ ಬ್ರಿಟನ್ನಿಗೆ ಬಂದಿತು. ಗಟ್ಟಿ ಗಿಡವೆಂದು ಎಲ್ಲರೂ ಅದನ್ನು ಮೆಚ್ಚಿದರು. ಬೇಟೆಯ ಹಕ್ಕಿಗಳಿಗೆ ಮರೆಯಾಗಲೆಂದು ಕಾಡುಗಳಲ್ಲಿ ನೆಟ್ಟರು. ನಾಜೂಕಾದ ಬಗೆಗಳನ್ನು ಅದರ ಬೇರಿನ ಮೇಲೆ ಕಸಿಕಟ್ಟಿದರು. ಇಂದು ವೇಲ್ಸಿನ ಸ್ನೋಡೋನಿಯಾದಲ್ಲಿಯೂ ಐರ್ಲೆಂಡಿನ ಕಿಲಾರ್ನಿಯ ಓಕ್ ಕಾಡಿನಲ್ಲಿಯೂ ಅದು ದಟ್ಟವಾಗಿ ಕವಿದು, ಕೆಳಗೆ ಒಂದು ಹುಲ್ಲುಕಡ್ಡಿಯೂ ಏಳದಂತೆ ಮಾಡಿದೆ; ಅದನ್ನು ಕಡಿದು ತೆಗೆಯುವುದೇ ಅಲ್ಲಿನವರಿಗೆ ಮುಗಿಯದ ಕೆಲಸವಾಗಿದೆ. ಆದುದರಿಂದ ಕೊಳ್ಳುವಾಗ, ಗಿಡ ಸ್ವಂತ ಬೇರಿನದೋ ಕಸಿಯದೋ ಎಂದು ಕೇಳಿರಿ. ಕಸಿಯದಾದರೆ ಬುಡದಿಂದ ಏಳುವ ಚಿಗುರನ್ನು ಆಗಾಗ ಕಿತ್ತುಹಾಕಬೇಕು. ಇಲ್ಲವಾದರೆ ಕೆಂಪು ಹೂ ಬಿಡುತ್ತಿದ್ದ ಗಿಡ ಕೆಲವು ವರ್ಷಗಳಲ್ಲಿ ಪಾಂಟಿಕಮಿನ ನಸುನೇರಳೆ ಹೂವನ್ನೇ ಬಿಡತೊಡಗುತ್ತದೆ. ಈ ಕುಲದ ಅನೇಕ ಜಾತಿಗಳ ಎಲೆಯೂ ಮಕರಂದವೂ ವಿಷ. ಕ್ರಿ. ಪೂ. ೪೦೧ರಲ್ಲಿ ಪರ್ಷಿಯದಿಂದ ಹಿಂದಿರುಗಲು ಹೊರಟ ಗ್ರೀಕ್ ಸೈನಿಕರು ಕಪ್ಪುಸಮುದ್ರದ ತೀರದ ಟ್ರೆಬಿಜಾಂಡಿನ ಬಳಿ ಜೇನನ್ನು ತಿಂದು ಮತಿಗೆಟ್ಟು ಬಿದ್ದರೆಂದು ಸೆನೊಫನ್ ಬರೆದಿದ್ದಾನೆ. ಅದು ಪಾಂಟಿಕಮ್ ಮೊದಲಾದುವುಗಳ ಜೇನೆಂದು ವಿದ್ವಾಂಸರ ಅಭಿಪ್ರಾಯ. ಹಸು, ಕುರಿ, ಆಡುಗಳಿಗೆ ಎಲೆ ಎಟುಕದಂತೆಯೂ, ಸಣ್ಣ ಮಕ್ಕಳು ಬಾಯಿಗೆ ಹಾಕದಂತೆಯೂ ನೋಡಿಕೊಳ್ಳುವುದು ಅಗತ್ಯ.

ಇನ್ನು ನಮ್ಮ ಕಡೆಯ ಮಾತು. ಇಂಗ್ಲೆಂಡಿನಲ್ಲಿಯೋ ಅಮೆರಿಕದ ವಾಷಿಂಗ್‌ಟನ್ ಸಂಸ್ಥಾನದಲ್ಲಿಯೋ ಮನೆ ಮಾಡಿರುವ ನಮ್ಮವರು ಇದುವರೆಗೆ ಹೇಳಿದುದನ್ನು ನೇರವಾಗಿ ಅನುಸರಿಸಬಹುದು. ವಾಷಿಂಗ್‌ಟನ್ನಿನ ಸಂಸ್ಥಾನಪುಷ್ಪವೇ ಒಂದು ರೋಡೊಡೆಂಡ್ರಾನ್. ಉದಕಮಂಡಲದಲ್ಲಿ ಮನೆಯುಳ್ಳವರಿಗೆ ಮೊದಲನೆಯ ಆಯ್ಕೆ ಅಲ್ಲಿನ ಮರವೇ ಆಗತಕ್ಕದ್ದು. ಅದು ಹಿಮಾಲಯದ ಆರ್ಬೋರಿಯಮಿನ ದಕ್ಷಿಣದ ಉಪಜಾತಿ. ಶೋಲಾ ಕಾಡಿನ ಅಂಚಿನಲ್ಲಿ, ಬಯಲು ಹುಲ್ಲುಗಾವಲಿನಲ್ಲಿ, ಗಂಟುಗಂಟಾದ ಕೊಂಬೆಗಳಿಂದಲೂ ದಪ್ಪ ತೊಗಟೆಯಿಂದಲೂ ಬೆಂಕಿಗಾಳಿಗಳನ್ನು ಸಹಿಸಿ ನಿಂತಿರುತ್ತದೆ. ಆದರೆ ಕಾಡಿನಿಂದ ಕಿತ್ತು ತರುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ. ಸಸ್ಯಾಲಯದಲ್ಲಿ ಬೀಜದಿಂದ ಬೆಳೆಸಿದ ಸಸಿಯನ್ನೇ ತರಬೇಕು. ಹೂವಿಗಾಗಿ ಹಲವು ವರ್ಷ ಕಾಯಲು ಸಿದ್ಧರಾಗಿರಬೇಕು. ಕೂನೂರಿನಂತೆ ತಂಪಾಗಿದ್ದು ಮಂಜುಗಡ್ಡೆ ಕಟ್ಟದ ಕಡೆಗಳಲ್ಲಿ ಬೋರ್ನಿಯೋ, ನ್ಯೂಗಿನಿ ಮೊದಲಾದ ದ್ವೀಪಗಳ ‘ವೈರೆಯಾ’ ಎಂಬ ಗುಂಪನ್ನು ಪ್ರಯತ್ನಿಸಬಹುದು. ಇವು ಹೆಚ್ಚು ಚಳಿಯನ್ನು ಬೇಡುವುದಿಲ್ಲ, ತಡೆಯುವುದೂ ಇಲ್ಲ. ಇವುಗಳಲ್ಲಿ ಅನೇಕವು ಮರಗಳ ಮೇಲೆ ಬೆಳೆಯುವವಾದುದರಿಂದ ಬೇರಿಗೆ ಗಾಳಿಯಾಡುವಂತೆ ಸಡಿಲವಾದ ಎಲೆಮಣ್ಣು ಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ, ಮೈಸೂರು ಅದಕ್ಕಿಂತಲೂ ಕಡಿಮೆ. ಇಲ್ಲಿ ಹಿಮಾಲಯದ ದೊಡ್ಡ ಬಗೆಗಳನ್ನು ನೆಡುವುದು ಗಿಡಕ್ಕೆ ಮಾಡುವ ಅನ್ಯಾಯ. ಕುಂಡದಲ್ಲಿ ಅಜೇಲಿಯಾ ಒಂದೆರಡನ್ನು ಇಟ್ಟುಕೊಳ್ಳಬಹುದು: ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು, ಎಲೆಗೊಬ್ಬರ, ಮಳೆನೀರು ಇಷ್ಟನ್ನು ಒದಗಿಸಬೇಕು. ಅಂಗಡಿಯವರು ಇದನ್ನು ‘ಇಂಡಿಯನ್ ಅಜೇಲಿಯಾ’ ಎಂದು ಕೊಟ್ಟರೆ ಹೆಸರನ್ನು ನಂಬಿ ಹಿಗ್ಗಬೇಡಿ. ಅದರ ಮೂಲ ಚೀನಾ, ಜಪಾನುಗಳ ಕಡೆಯದು. ನಮ್ಮದೆಂದು ಹೆಸರು ಹೊತ್ತಿರುವುದು ಹೊರಗಿನದು. ಇಂಗ್ಲೆಂಡಿನದೆಂದು ನಾವು ತಿಳಿದಿರುವುದು ನಮ್ಮ ಬೆಟ್ಟಗಳದು!

ಕೊನೆಯದಾಗಿ ಒಂದು ಮಾತು. ತನ್ನ ತೋಟಕ್ಕೆ ಒಗ್ಗದ ಗಿಡವನ್ನು ಬೇಡವೆನ್ನುವುದೂ ಒಂದು ಆಯ್ಕೆಯೇ. ಬಯಲುಸೀಮೆಯ ಮನೆಯವರು ಅಂಗಳದ ಪಾತಿಯನ್ನು ಸಂಪಿಗೆಗೋ ಪಾರಿಜಾತಕ್ಕೋ ಬಿಟ್ಟು, ಜನವರಿ ಕಳೆದ ಮೇಲೆ ಒಂದು ಸಲ ನೀಲಗಿರಿಗೆ ಹೋಗಿ, ಹುಲ್ಲುಗಾವಲಿನ ನಡುವೆ ಕೆಂಪಾಗಿ ನಿಂತ ಮರವನ್ನು ನೋಡಿಬರಲಿ. ಪುಸ್ತಕದಲ್ಲಿ ಮಾತ್ರ ಕಂಡ ಹೂವನ್ನು ಅದರ ಸ್ವಂತ ನೆಲದಲ್ಲಿ ಕಂಡಂತಾಗುವುದು; ಗಿಡಕ್ಕೂ ಅಪಾಯವಿಲ್ಲ.