ತಪ್ಪಿಗೊಂದು ಬೇರೆ ದಾರಿ

ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್. 1970ರ ದಶಕ. ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟುತ್ತಿದ್ದವರ ಬಳಿ, ಅಕ್ಷರಗಳನ್ನು ಬೆಳಕಿನಿಂದ ಫೋಟೊ ಕಾಗದದ ಮೇಲೆ ಮೂಡಿಸುವ ಯಂತ್ರವೊಂದಿತ್ತು. ಮೂಡಿದ್ದು ಕಣ್ಣಿಗೆ ಕಾಣಬೇಕಾದರೆ, ಆ ಉದ್ದನೆಯ ಕಾಗದವನ್ನು ಘಾಟು ವಾಸನೆಯ ಇನ್ನೊಂದು ಯಂತ್ರಕ್ಕೆ ಜೋಪಾನವಾಗಿ ತೂರಿಸಿ ಕಾಯಬೇಕು. ಒಂದು ಮಧ್ಯಾಹ್ನ ಹಲವರು ಹಾಗೆ ಕಾದರು. ಹೊರಬಂದ ಕಾಗದದಲ್ಲಿ ಅವರ ಬರಹವೇ ಇಲ್ಲ! ಅಂದವಾದ ಅಚ್ಚಕ್ಷರದಲ್ಲಿ ಒಂದೇ ಸಾಲು: 'ಇಂಥ ಫೈಲ್ ತೆರೆಯಲಾಗುತ್ತಿಲ್ಲ.' ಗೊಣಗಾಟ ಜೋರಾಗಿಯೇ ನಡೆಯಿತು. ಒಂದೆರಡು ದಿನಗಳಲ್ಲೇ ಪ್ರೋಗ್ರಾಮುಗಳು ಹೇಳುವ ಇಂಥ ದೂರುಗಳಿಗೆಂದು ಬೇರೆ ದಾರಿ ಹುಟ್ಟಿತು ಎಂದು ಅಲ್ಲಿದ್ದ ಸ್ಟೀವ್ ಜಾನ್ಸನ್ ನೆನಪಿಸಿಕೊಂಡಿದ್ದಾರೆ.

ಕಿರಾಣಿ ಅಂಗಡಿಗೆ ಹೋದ ನೀವು ಸಾಮಾನನ್ನು ಚೀಲದಲ್ಲಿ ತರುತ್ತೀರಿ, 'ಬೆಲ್ಲ ಸಿಗಲಿಲ್ಲಮ್ಮ' ಎನ್ನುವುದನ್ನು ಬಾಯಲ್ಲಿ ಹೇಳುತ್ತೀರಿ. ಅದನ್ನು ಚೀಟಿಯಲ್ಲಿ ಬರೆದು ಬೇಳೆಯೊಳಗೆ ಹಾಕಿದರೆ ಅದೂ ಸಾರಿನಲ್ಲಿ ಬೆಂದೀತು!

ಆಜ್ಞೆ ಬರೆದು ಓಡಿಸುವ ಪ್ರೋಗ್ರಾಮುಗಳದೂ ಇದೇ ಕ್ರಮ. ಶುರುವಾಗುವಾಗಲೇ ಪ್ರತಿಯೊಂದಕ್ಕೂ ಮೂರು ದಾರಿ ಸಿಗುತ್ತವೆ. 0 ಎಂಬುದು ಒಳಗೆ ಬರುವುದಕ್ಕೆ. 1 ಉತ್ತರ ಹೊರಗೆ ಹೋಗುವುದಕ್ಕೆ, ಇದು ಸ್ಟ್ಯಾಂಡರ್ಡ್ ಔಟ್‌ಪುಟ್. 2 ದೂರು, ಸೂಚನೆಗಳಿಗೆ, ಇದು ಸ್ಟ್ಯಾಂಡರ್ಡ್ ಎರರ್. ತಮಾಷೆಯೆಂದರೆ, ನಾವು ಬೇರೇನೂ ಹೇಳದಿದ್ದರೆ 1 ಮತ್ತು 2 ಎರಡೂ ಪರದೆಗೇ ಬಂದು ಸೇರುತ್ತವೆ. ಆದ್ದರಿಂದ ಒಂದೇ ದಾರಿ ಎಂದು ಎಷ್ಟೋ ದೊಡ್ಡವರೂ ತಿಳಿದಿರುತ್ತಾರೆ.

ಬೇರ್ಪಡಿಸಿ ನೋಡೋಣ. ನಿಮ್ಮ ಬಳಿ 'ಕಥೆ' ಎಂಬ ಫೈಲ್ ಇದೆ, 'ಬೆಕ್ಕು' ಎಂಬುದು ಇಲ್ಲ ಎನ್ನಿ. ಫೈಲುಗಳ ಹೆಸರು ತೋರಿಸುವ ಎಲ್‌ಎಸ್ (ls) ಆಜ್ಞೆಗೆ ಎರಡೂ ಹೆಸರುಗಳನ್ನು ಕೊಟ್ಟು, ಕೊನೆಯಲ್ಲಿ > ಗುರುತು ಹಾಕಿ 'ಪಟ್ಟಿ' ಎಂದು ಬರೆಯಿರಿ. ಆ ಗುರುತು 1ನೇ ದಾರಿಯನ್ನು ಮಾತ್ರ 'ಪಟ್ಟಿ' ಎಂಬ ಫೈಲಿನ ಕಡೆಗೆ ತಿರುಗಿಸುತ್ತದೆ. 'ಬೆಕ್ಕು ಸಿಗಲಿಲ್ಲ' ಎಂಬ ದೂರು ಪರದೆಗೇ ಬರುತ್ತದೆ. ಪಟ್ಟಿಯನ್ನು ತೆರೆದರೆ ಅಲ್ಲಿರುವುದು 'ಕಥೆ' ಒಂದೇ.

ಒಂದು ಪ್ರೋಗ್ರಾಮಿನ ಉತ್ತರವನ್ನು ಇನ್ನೊಂದಕ್ಕೆ ಕೊಡುವ ಪೈಪ್, ಅಂದರೆ | ಗುರುತು, ಒಯ್ಯುವುದೂ 1ನೇ ದಾರಿಯದನ್ನೇ. ಹಾಗಾಗಿ ಹೆಸರುಗಳನ್ನು ಎಣಿಸುವ ಪ್ರೋಗ್ರಾಮು ದೂರನ್ನೂ ಹೆಸರೆಂದು ಎಣಿಸಿಬಿಡುವುದಿಲ್ಲ. 2ನೇ ದಾರಿಯಲ್ಲಿ ತಪ್ಪುಗಳಷ್ಟೇ ಬರುತ್ತವೆ ಎಂದುಕೊಳ್ಳಬೇಡಿ. ಇಂಟರ್ನೆಟ್ಟಿನಿಂದ ಫೈಲ್ ತರುವ ಕರ್ಲ್, 'ಇಷ್ಟು ಬಂತು, ಇನ್ನಿಷ್ಟು ಬಾಕಿ' ಎಂಬ ವರದಿಯನ್ನೂ ಅದರಲ್ಲೇ ಕಳಿಸುತ್ತದೆ.

ಶಾಲೆಯ ಕಂಪ್ಯೂಟರಿನಲ್ಲಿ ಯುನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆ ಇದ್ದರೆ ಟೀಚರನ್ನು ಕೇಳಿ 'ಪಟ್ಟಿ'ಯ ಪ್ರಯೋಗವನ್ನು ಮಾಡಿ ನೋಡಿ. ಆಮೇಲೆ > ಬದಲು 2> ಹಾಕಿ, ಈ ಸಲ ಪಟ್ಟಿಯೊಳಗೆ ಏನು ಸೇರಿತು ಎಂದು ನೀವೇ ಪತ್ತೆಮಾಡಿ.