ಸಾಲಕ್ಕೆ ಮುಂಚೆ ಮನೆಯ ಪರೀಕ್ಷೆ



ನಮ್ಮ ಹಳ್ಳಿಗಳಿಂದ ಓದಿ ಅಮೆರಿಕಕ್ಕೆ ಹೋದ ಮಕ್ಕಳು ಅಲ್ಲೇ ಮನೆ ಕೊಳ್ಳುವುದುಂಟು. ಅಲ್ಲಿನ ಸಾಲದ ಪದ್ಧತಿಯಲ್ಲಿ ನಾವೂ ತಿಳಿಯತಕ್ಕ ಮಾತಿದೆ.

ಅಲ್ಲಿ 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಅದು ತಾನೇ ಸಾಲ ಕೊಡುವುದಿಲ್ಲ. ಸಾಲ ಮುಳುಗಿದರೆ ಬ್ಯಾಂಕಿಗೆ ನಷ್ಟವಾಗದಂತೆ ವಿಮೆ ಕೊಡುತ್ತದೆ. ಆದ್ದರಿಂದ ಬೆಲೆ ಕಟ್ಟಲು ಬಂದವನು ಮನೆಯ ಸ್ಥಿತಿಯನ್ನೂ ನೋಡತಕ್ಕದ್ದು.

ಏನೇನು ನೋಡುತ್ತಾನೆ ಅಂತೀರಾ? ಚಾವಣಿ ಸೋರಬಾರದು, ಇನ್ನು 2 ವರ್ಷವಾದರೂ ಬಾಳಬೇಕು. 1978ಕ್ಕೆ ಮುಂಚಿನ ಮನೆಯಾದರೆ ಬಣ್ಣ ಚಕ್ಕೆ ಎದ್ದಿರಬಾರದು. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಅದು ಮಕ್ಕಳ ಮೆದುಳಿಗೆ ಕೇಡು. ಕುಡಿಯುವ ನೀರಿನ ಬಾವಿ ಶೌಚದ ತೊಟ್ಟಿಯಿಂದ 50 ಅಡಿ, ತೊಟ್ಟಿಯ ನೀರು ಇಂಗುವ ಜಾಗದಿಂದ 100 ಅಡಿ ದೂರವಿರಬೇಕು. ಸ್ಥಳೀಯ ಅಧಿಕಾರಿಗಳು ಒಪ್ಪಿದರೆ ಈ 100 ಅಡಿಯನ್ನು 75ಕ್ಕೆ ಇಳಿಸಬಹುದು. ನೆಲಹಾಸು ಸವೆದಿದ್ದರೆ ಚಿಂತೆಯಿಲ್ಲ. ಆದರೆ ಅಪಾಯದ ಕೊರತೆ ಕಂಡರೆ, ದುರಸ್ತಿಯಾಗುವವರೆಗೆ ಸಾಮಾನ್ಯವಾಗಿ ಸಾಲ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಈ ಪರೀಕ್ಷೆ ಸಾಲದ ಹಣ ಕಾಯುವುದಕ್ಕೆ. ಮನೆ ಗಟ್ಟಿಯೆಂಬ ಜಾಮೀನಲ್ಲ. ಗೋಡೆಯೊಳಗಿನ ತಂತಿ, ಕೊಳಾಯಿಗಳನ್ನು ಅವನು ಬಿಚ್ಚಿ ನೋಡುವುದಿಲ್ಲ. ಕೊಳ್ಳುವವರು ಬೇರೆ ತಜ್ಞನಿಂದ ಮನೆಯನ್ನು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆ ಸಂಸ್ಥೆಯೇ ಹೇಳುತ್ತದೆ.

ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿಯೇ ಅಲ್ಲವೇ ನಾವು ಹಣ ಎಣಿಸುವುದು? ಮನೆಗೂ ಅದೇ ನ್ಯಾಯ. ಮಕ್ಕಳು ಫೋನು ಮಾಡಿದಾಗ ಈ ಮಾತು ಹೇಳಿ. ಹಾಗೆಯೇ ನಿಮ್ಮ ಹಿತ್ತಲಿನ ಬಾವಿಗೂ ಶೌಚದ ಗುಂಡಿಗೂ ಎಷ್ಟು ಅಂತರವಿದೆ, ಇವತ್ತೇ ಅಳೆದು ನೋಡಿ.